ಹೂವನ್ನು ಅಂಟಿಸಬೇಡಿ, ಕಟ್ಟಿ

ಪ್ರಶ್ನೆ: ಅಕ್ಕಾ, ನಮಸ್ಕಾರ. ಮುಂಬಾಗಿಲಿಗೆ ತೂಗುಹಾಕೋಣವೆಂದು ಕೃತಕ ಹೂಗಳಿಂದ ಒಂದು ಹೂಚಕ್ರ ಮಾಡಿದೆ. ಥರ್ಮೊಕೋಲ್ ಬಳೆಯ ಮೇಲೆ ಗ್ಲೂ ಗನ್‌ನಿಂದ ಹೂಗಳನ್ನು ಒತ್ತೊತ್ತಾಗಿ ಅಂಟಿಸಿದ್ದೆ. ಹದಿನೈದು ದಿನವೂ ಆಗಿಲ್ಲ, ದಿನಕ್ಕೊಂದು ಹೂ ಕೆಳಗೆ ಬಿದ್ದಿರುತ್ತದೆ. ಮಧ್ಯಾಹ್ನದ ಬಿಸಿಲು ನೇರ ಬಾಗಿಲಿಗೇ ಬಡಿಯುತ್ತದೆ. ಉಳಿದ ಹೂಗಳೂ ಯಾರೋ ಮೇಲಿಂದ ಒತ್ತಿಹಿಡಿದ ಹಾಗೆ ಚಪ್ಪಟೆಯಾಗಿ ಕಾಣುತ್ತವೆ. ಮತ್ತೆ ಮಾಡುವ ಆಸೆಯಿದೆ. ಎಲ್ಲಿ ತಪ್ಪಿದೆ?

ಉತ್ತರ: ಮತ್ತೆ ಮಾಡುವ ಆಸೆಯಿದೆ ಎಂದಿರಲ್ಲ, ಅದನ್ನು ಓದಿ ಸಂತೋಷವಾಯಿತು. ಮೊದಲು ಬಿದ್ದ ಹೂಗಳ ವಿಷಯ ನೋಡೋಣ. ಗ್ಲೂ ಗನ್‌ನ ಕಡ್ಡಿ ಕಾಯಿಸಿದರೆ ಕರಗುವ, ಆರಿದರೆ ಗಟ್ಟಿಯಾಗುವ ಒಂದು ಬಗೆಯ ಪ್ಲಾಸ್ಟಿಕ್. ಬಾಗಿಲು ಬಿಸಿಲಿಗೆ ಕಾದಾಗ ಅದು ಮತ್ತೆ ಮೆತ್ತಗಾಗುತ್ತದೆ, ಹೂವಿನ ಭಾರಕ್ಕೆ ಮೆಲ್ಲಗೆ ಜಾರುತ್ತದೆ. ಬಾಗಿಲಿನದು ಕಡುಬಣ್ಣವಾದರೆ ಇನ್ನೂ ಬೇಗ. ಇನ್ನೊಂದು ಕಾರಣ ನಿಮ್ಮ ಬಳೆಯಲ್ಲೇ ಇದೆ. ಹೆಚ್ಚು ಬಿಸಿಯ ಗನ್‌ನಿಂದ ಅಂಟು ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊರಬರುತ್ತದೆ, ಥರ್ಮೊಕೋಲ್ 100 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಅಂಟು ತಾಗಿದಲ್ಲೆಲ್ಲ ಸಣ್ಣ ಗುಳಿ ಬಿದ್ದಿರುತ್ತದೆ. ಬಿದ್ದ ಹೂವನ್ನು ತಿರುಗಿಸಿ ನೋಡಿ, ಅಂಟಿನ ಜೊತೆ ನಾಲ್ಕು ಬಿಳಿ ಕಾಳುಗಳೂ ಕಿತ್ತುಬಂದಿರುತ್ತವೆ.

ನನ್ನ ಮೊದಲ ಹೂಚಕ್ರಕ್ಕೂ ಹೀಗೇ ಆಗಿತ್ತು. ಗೆಳತಿಯ ಹೊಸ ಮನೆಗೆಂದು ಎರಡು ರಾತ್ರಿ ಕೂತು ಮಾಡಿದ್ದು, ಬೇಸಿಗೆ ಮುಗಿಯುವಷ್ಟರಲ್ಲಿ ಅರ್ಧ ಬೋಳಾಗಿತ್ತು. ಅವಳು ಒಂದು ಮಾತೂ ಆಡದೆ ಬಿದ್ದ ಹೂಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದಳು. ಆಮೇಲೊಮ್ಮೆ ಪರಿಚಿತರ ಮನೆಯಲ್ಲಿ ಹಳೆಯದೊಂದು ಹೂಚಕ್ರ ಕಂಡೆ. ಬಣ್ಣ ಮಾಸಿತ್ತು, ಆದರೆ ಒಂದು ಎಲೆಯೂ ಅಲುಗಾಡುತ್ತಿರಲಿಲ್ಲ. ಕೇಳಿಕೊಂಡು ಹಿಂಭಾಗ ತಿರುಗಿಸಿದೆ. ಒಂದು ತೊಟ್ಟು ಅಂಟಿಲ್ಲ, ಬರೀ ತಂತಿಯ ಸುತ್ತು. ಹೂ ಕಟ್ಟುವುದು ಎಂದೇ ಅಲ್ಲವೇ ನಾವು ಹೇಳುವುದು? ಅಂದಿನಿಂದ ನಾನು ಅಂಟಿಸುವುದನ್ನು ಬಿಟ್ಟು ಕಟ್ಟತೊಡಗಿದೆ.

ಥರ್ಮೊಕೋಲ್ ಬದಲು ಒಣಬಳ್ಳಿ ಹೆಣೆದ ಬಳೆಯನ್ನೋ ತಂತಿಯ ಚೌಕಟ್ಟನ್ನೋ ತನ್ನಿ. ಮೊದಲ ಸಲಕ್ಕೆ 30 ಸೆಂ.ಮೀ. ಅಗಲದ್ದು ಸಾಕು. ಎಲೆ, ಹೂ ಸುತ್ತಲೂ ಏಳೆಂಟು ಸೆಂ.ಮೀ. ಚಾಚಿಕೊಂಡು, ಮುಗಿಯುವಾಗ ಅದೇ 45 ಸೆಂ.ಮೀ. ಆಗಿರುತ್ತದೆ. ಹೂ ಕೆಲಸದ ತೆಳು ತಂತಿ 24 ಅಥವಾ 26 ಗೇಜಿನದು ಇರಲಿ. ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳುವಾಗುತ್ತದೆ ಎಂಬುದು ನೆನಪಿರಲಿ. ಕಟಿಂಗ್ ಪ್ಲೇಯರ್ ಬೇಕೇ ಬೇಕು. ಹೂವಿನ ದಂಟಿನೊಳಗೆ ಲೋಹದ ತಂತಿ ಇರುವುದರಿಂದ ಕತ್ತರಿಯ ಬಾಯಿ ಕೆಡುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ: ಹೂವನ್ನು ಕುತ್ತಿಗೆಯ ಹತ್ತಿರ ಕತ್ತರಿಸಬೇಡಿ. ಅಂಟಿಸುವವರು ಹಾಗೆ ಮಾಡುತ್ತಾರೆ, ಚಪ್ಪಟೆಯಾಗುವುದೂ ಅದರಿಂದಲೇ. 10–12 ಸೆಂ.ಮೀ. ದಂಟು ಉಳಿಸಿ. ಹೂ ಬಳೆಯಿಂದ ಮೇಲೆದ್ದು ನಿಲ್ಲುವುದು, ಬೇಕಾದತ್ತ ಬಾಗುವುದು ಎಲ್ಲ ಆ ದಂಟಿನ ಬಲದಿಂದ.

ಒಂದು ದೊಡ್ಡ ಹೂ, ಎರಡು ಚಿಕ್ಕವು, ಮೂರು ಎಲೆಗೊಂಚಲು ಸೇರಿಸಿ ದಂಟುಗಳನ್ನು ತಂತಿಯಿಂದ ಬಿಗಿಯಿರಿ. ಅದನ್ನು ಬಳೆಯ ಮೇಲೆ ಓರೆಯಾಗಿ ಮಲಗಿಸಿ ಮೂರು ಸುತ್ತು ಸುತ್ತಿ. ತಂತಿಯನ್ನು ಕತ್ತರಿಸದೆ ಮುಂದಿನ ಗೊಂಚಲು ಇಡಿ, ಅದರ ತಲೆ ಹಿಂದಿನದರ ದಂಟನ್ನು ಮುಚ್ಚಬೇಕು. ಎಲ್ಲವೂ ಒಂದೇ ದಿಕ್ಕಿಗೆ ಸಾಗಲಿ. ನಿಮ್ಮ ಬಳೆಯ ಸುತ್ತಳತೆ ಸುಮಾರು 94 ಸೆಂ.ಮೀ. ಎಂಟೆಂಟು ಸೆಂ.ಮೀ.ಗೊಂದರಂತೆ 12 ಗೊಂಚಲು ಬೇಕು. ಕೊನೆಯದನ್ನು ಕಟ್ಟುವಾಗ ಮೊದಲನೆಯದರ ತಲೆಯನ್ನು ಮೆಲ್ಲಗೆ ಎತ್ತಿ, ಅದರಡಿಗೆ ದಂಟು ತೂರಿಸಿ.

ಪ್ರತಿ ಗೊಂಚಲಿನಲ್ಲೂ ಒಂದು ಹೂ ಬಳೆಯ ಒಳಕ್ಕೆ ಇಣುಕಲಿ, ಒಂದು ನಿಮ್ಮನ್ನೇ ನೋಡಲಿ, ಇನ್ನೊಂದು ಹೊರಕ್ಕೆ ಚಾಚಲಿ. ಪೆಟ್ಟಿಗೆಯೊಳಗೆ ಒತ್ತಿಹೋದ ದಳಗಳನ್ನು ಕೆಟಲ್‌ನ ಹಬೆಗೆ ತುಸು ದೂರದಿಂದ ಒಂದೆರಡು ಕ್ಷಣ ಹಿಡಿದು, ಬೆರಳಿನಿಂದ ಬಿಡಿಸಿ (ಕೈಗೆ ಹಬೆ ತಾಗದ ಹಾಗೆ). ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ ಇದು. ಒಂದೇ ಅಚ್ಚಿನಿಂದ ಬಂದ ಆರು ಗುಲಾಬಿಗಳಲ್ಲಿ ಒಂದರ ಕುತ್ತಿಗೆ ಬಗ್ಗಿಸಿ, ಇನ್ನೊಂದರ ಹೊರದಳ ಎರಡು ಕಿತ್ತು ಮೊಗ್ಗಾಗಿಸಿದರೆ ಆರಕ್ಕೂ ಬೇರೆ ಬೇರೆ ಮುಖ ಬರುತ್ತದೆ.

ಅಂಟು ಬೇಡವೇ ಬೇಡ ಎನ್ನುವುದಿಲ್ಲ. ಕಳಚಿಬಂದ ದಳಕ್ಕೆ, ರಿಬ್ಬನ್ನಿನ ತುದಿಗೆ ಒಂದು ಹನಿ ಹಾಕಿ. ಭಾರ ಹೊರುವುದು ತಂತಿಯ ಕೆಲಸ. ಇಷ್ಟು ಬಿಸಿಲಿದ್ದರೆ ಬಣ್ಣವೂ ಮಾಸುತ್ತದೆ. ಯುವಿ (ಬಿಸಿಲಿನ ಅತಿನೇರಳೆ ಕಿರಣ) ತಡೆಯುವ ಸ್ಪ್ರೇ ಅದನ್ನು ನಿಧಾನಿಸುತ್ತದೆ, ನಿಲ್ಲಿಸುವುದಿಲ್ಲ. ಕಡುಗೆಂಪು, ನೇರಳೆ ಬಿಟ್ಟು ಕೆನೆಬಣ್ಣ, ಬಿಳಿ ಆರಿಸಿಕೊಂಡರೆ ಮಾಸಿದ್ದು ಅಷ್ಟಾಗಿ ಕಾಣುವುದಿಲ್ಲ.

ಪ್ರಶ್ನೆ: ಹೂಚಕ್ರದ ಮೇಲೆ ಕೂತ ಧೂಳು ತೆಗೆಯುವುದು ಹೇಗೆ? ನೀರಲ್ಲಿ ಅದ್ದಬಹುದೇ?

ಉತ್ತರ: ಅದ್ದಬೇಡಿ, ಒಳಗಿನ ತಂತಿ ತುಕ್ಕು ಹಿಡಿಯುತ್ತದೆ. ಹೇರ್ ಡ್ರೈಯರ್‌ನ ತಣ್ಣನೆಯ ಗಾಳಿ ಬಿಟ್ಟು, ಉಳಿದದ್ದನ್ನು ಮೆತ್ತನೆಯ ಪೇಂಟಿಂಗ್ ಬ್ರಷ್‌ನಿಂದ ಒರೆಸಿ. ಜಿಡ್ಡು ಕೂತಿದ್ದರೆ ಒದ್ದೆ ಬಟ್ಟೆ ಸಾಕು. ಮೊದಲು ಹಿಂಬದಿಯ ಒಂದು ದಳಕ್ಕೆ ಒದ್ದೆ ಹತ್ತಿ ಒತ್ತಿ, ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ. ತೆಗೆದಿಡುವಾಗ ಒಂದರ ಮೇಲೊಂದು ಪೇರಿಸದೆ, ಬಟ್ಟೆಯ ಚೀಲದಲ್ಲಿ ತೂಗುಹಾಕಿ.

ಪ್ರಶ್ನೆ: ನನಗೆ 68 ವರ್ಷ. ಬೆರಳಿನ ಗೆಣ್ಣುಗಳಲ್ಲಿ ಸಂಧಿವಾತ. ನನ್ನ ಹೆಂಡತಿಗಾಗಿ ಒಂದು ಹೂಚಕ್ರವನ್ನು ನನ್ನ ಕೈಯಾರೆ ಮಾಡಬೇಕೆಂಬ ಆಸೆ. ತೆಳು ತಂತಿ ತಿರುಚಲು ಆಗುತ್ತಿಲ್ಲ.

ಉತ್ತರ: ಖಂಡಿತ ಮಾಡಬಹುದು, ಸಾರ್. ತಂತಿಯ ಬದಲು ಕರಕುಶಲ ಸಾಮಾನಿನ ಅಂಗಡಿಯಲ್ಲಿ ಸಿಗುವ ಪೈಪ್ ಕ್ಲೀನರ್ ತನ್ನಿ. ನಡುವೆ ತಂತಿ, ಮೇಲೆಲ್ಲ ಮೃದುವಾದ ಎಳೆ ಇರುವ ಕಡ್ಡಿಗಳವು. ಬೆರಳಿಗೆ ಒತ್ತುವುದಿಲ್ಲ, ಜಾರುವುದೂ ಇಲ್ಲ. ಹಸಿರು ಬಣ್ಣದ್ದಾದರೆ ಎಲೆಯ ಮರೆಗೆ ಕಾಣುವುದಿಲ್ಲ. ಬಳೆಗೆ ಮೊದಲೇ 12 ಕಡ್ಡಿಗಳನ್ನು ಸಮ ಅಂತರದಲ್ಲಿ ಯಾರಿಂದಲಾದರೂ ಕಟ್ಟಿಸಿಕೊಳ್ಳಿ. ಆಮೇಲೆ ನಿಮಗೆ ಉಳಿಯುವುದು ಗೊಂಚಲನ್ನು ಇಟ್ಟು ಎರಡೂ ತುದಿಗಳನ್ನು ಹೆಣೆದು ಬಿಗಿಯುವುದು ಮಾತ್ರ. ದಂಟು ಕತ್ತರಿಸುವುದಕ್ಕೂ ಇನ್ನೊಬ್ಬರ ಕೈ ಕೇಳಿ, ಅದು ಬಲ ಬೇಡುವ ಕೆಲಸ. ಯಾವ ಹೂವಿನ ಪಕ್ಕ ಯಾವುದು ಎಂಬುದನ್ನು ಮಾತ್ರ ನೀವೇ ಆರಿಸಿ. ನೋವಿರುವ ದಿನ ಬಿಟ್ಟುಬಿಡಿ. ದಿನಕ್ಕೆ ಎರಡು ಗೊಂಚಲಿನಂತೆ ಆರು ದಿನದ ಕೆಲಸ. ಈ ಹೂಗಳು ಬಾಡುವುದಿಲ್ಲ, ನೀವು ಬರುವ ತನಕ ಮೇಜಿನ ಮೇಲೆ ಹಾಗೇ ಇರುತ್ತವೆ.