ಮಷೀನಿನಲ್ಲಿ ‘ಅಪ್ರೂವ್ಡ್’ ಎಂದು ಬಂದ ಮಾತ್ರಕ್ಕೆ ಹಣ ನಮ್ಮದಾಗುವುದಿಲ್ಲ

ನಮಸ್ಕಾರ ಸರ್. ಅಮೆರಿಕದಿಂದ ಫೋನ್ ಮಾಡಿದವರು ಹೇಳಿದ ಕಾರ್ಡ್ ನಂಬರನ್ನು ಸ್ವೈಪಿಂಗ್ ಮಷೀನಿನಲ್ಲಿ ಕೈಯಿಂದ ಒತ್ತಿ ನಾಲ್ಕು ರೇಷ್ಮೆ ಸೀರೆಗಳ ಬಿಲ್ ಮಾಡಿದ್ದೀರೆಂದೂ, ‘ಅಪ್ರೂವ್ಡ್’ ಎಂದು ಬಂದಿರುವುದರಿಂದ ನಾಳೆ ಪಾರ್ಸೆಲ್ ಕಳುಹಿಸುವಿರೆಂದೂ ಬರೆದಿದ್ದೀರಿ. ದಯವಿಟ್ಟು ಕಳುಹಿಸಬೇಡಿ. ಆರು ವರ್ಷಗಳ ಹಿಂದೆ ನಾನು ಮಾಡಿದ್ದೂ ಇದನ್ನೇ.

ನನಗೆ ಬಂದ ಕರೆಯಲ್ಲಿಯೂ ಮದುವೆಯ ಆತುರವಿತ್ತು. ಆರು ಸೀರೆ, ₹92,400, ಬೆಂಗಳೂರಿನ ವಿಳಾಸ. ಹಣ ಮರುದಿನವೇ ಖಾತೆಗೆ ಬಂತು. ಎರಡು ತಿಂಗಳು ಕಳೆದ ಮೇಲೆ ಕಾರ್ಡಿನ ನಿಜವಾದ ಒಡೆಯರು ತಮ್ಮ ಬ್ಯಾಂಕಿನಲ್ಲಿ ತಕರಾರು ಹೂಡಿದರು, ಮಷೀನ್ ಕೊಟ್ಟಿದ್ದ ಬ್ಯಾಂಕು ಚಾರ್ಜ್‌ಬ್ಯಾಕ್ ಎಂದು ಅಷ್ಟೂ ಹಣವನ್ನು ನನ್ನ ಖಾತೆಯಿಂದ ಹಿಂದಕ್ಕೆ ಪಡೆದುಕೊಂಡಿತು. ಸೀರೆಯೂ ಹೋಯಿತು, ಹಣವೂ ಹೋಯಿತು. ಅಪ್ರೂವಲ್ ಎಂದರೆ ಆ ಕ್ಷಣದಲ್ಲಿ ಕಾರ್ಡಿಗೆ ಮಿತಿ ಉಳಿದಿದೆ ಮತ್ತು ಕಾರ್ಡ್ ಕಳುವಾಗಿದೆಯೆಂಬ ದೂರು ಇನ್ನೂ ದಾಖಲಾಗಿಲ್ಲ ಎಂದಷ್ಟೇ ಅರ್ಥ. ನಂಬರ್ ಕೊಟ್ಟವರು ಕಾರ್ಡಿನ ಒಡೆಯರೇ ಎಂಬ ಖಾತರಿ ಅದರಲ್ಲಿಲ್ಲ.

ನಷ್ಟ ಯಾರ ಪಾಲಿಗೆ ಎಂಬುದು ಕಾರ್ಡನ್ನು ಹೇಗೆ ಓದಿಸಿದೆವು ಎಂಬುದರ ಮೇಲೆ ನಿಂತಿದೆ. ಗಿರಾಕಿ ಎದುರಿಗೆ ನಿಂತು, ಚಿಪ್ ಒಳಗೆ ಹೋಗಿ, ಪಿನ್ ಅವರೇ ಒತ್ತಿದ್ದರೆ ವಂಚನೆಯ ಹೊರೆ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕಿನದು. ನಂಬರ್ ಒತ್ತಿ ಮಾಡಿದ್ದರೆ ಹೊರೆ ಅಂಗಡಿಯವರದು. ಅಮೆರಿಕದಲ್ಲಿ 2015ರ ಅಕ್ಟೋಬರ್‌ನಿಂದ, ಚಿಪ್ ಓದದ ಹಳೆಯ ಮಷೀನಿನಲ್ಲಿ ಚಿಪ್ ಕಾರ್ಡಿನ ನಕಲನ್ನು ಉಜ್ಜಿದರೆ ಆ ನಷ್ಟವೂ ಅಂಗಡಿಯ ಕಡೆಗೇ ಬೀಳುವಂತೆ ವೀಸಾ, ಮಾಸ್ಟರ್‌ಕಾರ್ಡ್ ನಿಯಮ ಬದಲಿಸಿದವು. ನಮ್ಮ ಕಾರ್ಡುಗಳಿಗೆ ಆನ್‌ಲೈನಿನಲ್ಲಿ ಓಟಿಪಿ ಕೇಳುವುದನ್ನು ಕಂಡು ವಿದೇಶಿ ಕಾರ್ಡಿಗೂ ಅದೇ ರಕ್ಷಣೆ ಇದೆಯೆಂದು ತಿಳಿಯಬೇಡಿ.

ಗಿರಾಕಿಯ ಹಣವನ್ನು ಬ್ಯಾಂಕು ಹಿಂದಿರುಗಿಸುತ್ತದೆಯಲ್ಲ, ನಮಗೇಕಿಲ್ಲ ಎಂದು ನಾನೂ ವಾದಿಸಿದ್ದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯು, ಮೂರನೆಯವರ ಕೈವಾಡದಿಂದಾದ ವಂಚನೆಯನ್ನು 3 ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರಿಗೆ ನಷ್ಟ ಬೀಳಬಾರದೆಂದೂ, ತಿಳಿಸಿದ 10 ಕೆಲಸದ ದಿನಗಳಲ್ಲಿ ಹಣ ಜಮೆಯಾಗಬೇಕೆಂದೂ ಹೇಳಿತು. ಅದು ಇಲ್ಲಿನ ಖಾತೆದಾರರ ರಕ್ಷಣೆ. ಮಾರುವವರ ಹಕ್ಕು ಬಾಧ್ಯತೆಗಳು ಮಷೀನ್ ಪಡೆಯುವಾಗ ನಾವು ಓದದೆ ಸಹಿ ಹಾಕಿದ ಒಪ್ಪಂದದಲ್ಲಿವೆ; ಇಂದು ರಾತ್ರಿಯೇ ಅದನ್ನು ತೆಗೆದು ಓದಿ.

ಇನ್ನು ಚಾರ್ಜ್ ಸ್ಲಿಪ್ಪಿನ, ಅಂದರೆ ಮಷೀನಿನಿಂದ ಬರುವ ಕಾಗದದ ರಸೀದಿಯ ವಿಷಯ. ಮತ್ತೊಂದು ತಕರಾರಿನಲ್ಲಿ, ಅಂಗಡಿಯಲ್ಲಿಯೇ ಚಿಪ್ ಹಾಕಿ ಮಾಡಿದ್ದ ವ್ಯಾಪಾರಕ್ಕೆ, ಬ್ಯಾಂಕು 7 ದಿನದೊಳಗೆ ದಾಖಲೆ ಕೇಳಿತು. ಗಲ್ಲಾಪೆಟ್ಟಿಗೆಯಲ್ಲಿದ್ದ ಸ್ಲಿಪ್ ತೆಗೆದರೆ, ಮೇಲಿನ ದೀಪದ ಕಾವಿಗೆ ಅಕ್ಷರವೆಲ್ಲ ಮಾಸಿ, ಬೆಳಕಿಗೆ ಓರೆಯಾಗಿ ಹಿಡಿದರೂ ಅಂಗಡಿಯ ಹೆಸರಿನ ಮೊದಲೆರಡು ಅಕ್ಷರ ಮಾತ್ರ ಕಾಣುತ್ತಿತ್ತು. ಅಂದಿನಿಂದ ಪ್ರತಿ ಸ್ಲಿಪ್ಪನ್ನು ಬಿಲ್ಲಿನ ಪಕ್ಕದಲ್ಲಿಟ್ಟು ಫೋಟೋ ತೆಗೆದು, ತಿಂಗಳವಾರು ಎರಡು ವರ್ಷ ಉಳಿಸುತ್ತೇನೆ. ಸ್ಲಿಪ್ಪನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಅದರಲ್ಲಿಯೂ ಅಕ್ಷರ ಮಾಸುತ್ತದೆ. ಕಾರ್ಡಿನ ಪೂರ್ಣ ನಂಬರನ್ನೂ ಕಾರ್ಡಿನ ಹಿಂಬದಿಯಲ್ಲಿರುವ ಮೂರಂಕಿಯನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದರೆ ಈಗಲೇ ಹರಿದು ಹಾಕಿ. ಅದು ನಿಯಮಕ್ಕೆ ವಿರುದ್ಧ, ಸೋರಿದರೆ ಹೊಣೆ ನಿಮ್ಮದು. ಪೈನ್ ಲ್ಯಾಬ್ಸ್ ಮಷೀನ್ ಒಳ್ಳೆಯದೋ ಪೇಟಿಎಂ ಮಷೀನ್ ಒಳ್ಳೆಯದೋ ಎಂದು ನಾವು ಅಂಗಡಿಯವರು ವಾರಗಟ್ಟಲೆ ಚರ್ಚಿಸುತ್ತೇವೆ. ನನಗಂತೂ ಕಾಗದದ ಸ್ಲಿಪ್ ಕೊಡುವ ಮಷೀನೇ ಬೇಕು, ಆದರೆ ನಂಬರ್ ಒತ್ತಿ ಮಾಡಿದ ವ್ಯಾಪಾರವನ್ನು ಯಾವ ಕಂಪನಿಯ ಮಷೀನೂ ಕಾಪಾಡುವುದಿಲ್ಲ.

‘ಸ್ವಲ್ಪ ಹೆಚ್ಚು ಹಣ ಎಳೆದುಕೊಳ್ಳಿ, ಆ ಹೆಚ್ಚುವರಿಯನ್ನು ಸಾಗಣೆಯವನಿಗೆ ಯುಪಿಐ ಮಾಡಿ’ ಎಂದು ನಿಮಗೆ ಫೋನ್ ಮಾಡಿದವರು ಹೇಳಿದ್ದರೆ ಅನುಮಾನವೇ ಬೇಡ, ಅದು ವಂಚನೆ. ಹಣ ಹಿಂದಿರುಗಿಸುವಾಗಲೂ ಬಂದ ಕಾರ್ಡಿಗೇ ಹಿಂದಿರುಗಿಸಿ, ಬೇರೆ ಖಾತೆಗೆ ಎಂದಿಗೂ ಬೇಡ.

ಈಗ ನೀವು ಮಾಡಬೇಕಾದದ್ದು: ಪಾರ್ಸೆಲ್ ಅಂಗಡಿಯಲ್ಲಿಯೇ ಇರಲಿ. ಬೆಳಿಗ್ಗೆ ಮಷೀನ್ ಕೊಟ್ಟ ಬ್ಯಾಂಕಿಗೆ ಫೋನ್ ಮಾಡಿ ಈ ವ್ಯವಹಾರವನ್ನು ರದ್ದುಪಡಿಸಿ, ಮ್ಯಾನುಯಲ್ ಎಂಟ್ರಿಯನ್ನು (ನಂಬರ್ ಕೈಯಿಂದ ಒತ್ತುವ ಸೌಲಭ್ಯವನ್ನು) ಮುಚ್ಚುವಂತೆ ಇಮೇಲ್ ಕಳುಹಿಸಿ. ಗಿರಾಕಿ ನಿಜವಾದವರಾದರೆ ತಮ್ಮ ಬ್ಯಾಂಕಿನಿಂದ ನಿಮ್ಮ ಖಾತೆಗೆ ನೇರವಾಗಿ ಹಣ ಕಳುಹಿಸಲು ಒಪ್ಪುತ್ತಾರೆ. ಆ ಹಣ ಜಮೆಯಾದ ಮೇಲೆ ಸೀರೆ ಕಟ್ಟಿ.