ಮಗುವಿಗಿಂತ ಮೊದಲು ಬಂದ ಪಾರ್ಸೆಲ್‌ಗಳು

(ಹೆಸರು, ಊರು, ಕೆಲಸದ ವಿವರಗಳನ್ನು ಬದಲಿಸಿದ್ದೇನೆ. ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಮಾರ್ಚ್‌ನಲ್ಲಿ ಸುಮಾ ಸಲಹೆ ಕೇಳಲು ನನ್ನ ಹತ್ತಿರ ಒಬ್ಬರೇ ಬಂದರು. ಐದು ತಿಂಗಳ ಬಸುರಿ. ಕುರ್ಚಿಯಲ್ಲಿ ಕೂತವರೇ ಫೋನ್ ತೆಗೆದು ಒಂದು ಫೋಟೋ ತೋರಿಸಿದರು. ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಮಂಚದ ಪಕ್ಕ, ಬೀರುವಿನ ಮೇಲೆ, ಎಲ್ಲೆಲ್ಲೂ ರಟ್ಟಿನ ಪೆಟ್ಟಿಗೆ.

“ನಮ್ಮನೆಯವರು ದಿನಾ ಏನಾದರೂ ತರಿಸ್ತಾರೆ ಮೇಡಂ. ಬೇಡ ಅಂದ್ರೆ, ನಿನಗೆ ಮಗುವಿನ ಮೇಲೆ ಪ್ರೀತಿ ಇಲ್ವಾ ಅಂತಾರೆ.”

ಗಂಡ ರಘು, ಪೀಣ್ಯದ ಕಡೆ ಒಂದು ಕಂಪನಿಯಲ್ಲಿ ಕೆಲಸ, ಸಂಬಳ 31,000. ಸುಮಾ ಆರು ಜನರಿರುವ ಒಂದು ಸಣ್ಣ ಆಫೀಸಿನಲ್ಲಿ ಲೆಕ್ಕ ಬರೆಯುತ್ತಾರೆ, 16,000. ಇಬ್ಬರೂ ಸೇರಿ ಬ್ಯಾಂಕಿನಲ್ಲಿ ಉಳಿಸಿದ್ದು 62,000. ರಘುವಿನ ಪಟ್ಟಿ ಮಾತ್ರ 99,800 ಮುಟ್ಟಿತ್ತು. ತಳ್ಳುಗಾಡಿ, ಮರದ ಕಾಟ್, ವಾಕರ್, ಬಾಟಲಿ ಕುದಿಸುವ ಯಂತ್ರ, ಮಗು ನೋಡಿಕೊಳ್ಳುವ ಕ್ಯಾಮೆರಾ, ಹನ್ನೊಂದು ಸಾವಿರದ ಬಟ್ಟೆ. ಎಲ್ಲಕ್ಕಿಂತ ದೊಡ್ಡದು 55,000 ರೂಪಾಯಿಯ ಸ್ಟೆಮ್ ಸೆಲ್ ಬ್ಯಾಂಕ್, ಅಂದರೆ ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಕಾದಿಡುವುದು. ಸೀಮಂತದ ಹಾಲ್ ಬೇರೆ, ಇನ್ನೊಂದು 35,000.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಮೊದಲ ದಿನ ನಾನು ಸುಮಾಗೆ, “ಎರಡು ತಿಂಗಳು ಎಟಿಎಂ ಕಾರ್ಡ್ ನಿಮ್ಮ ಹತ್ತಿರ ಇರಲಿ” ಅಂದೆ. ಗಂಡನ ಮುಖವನ್ನೇ ನೋಡದೆ ಕೊಟ್ಟ ಸಲಹೆ ಅದು. ರಘು ಸಿಟ್ಟಾದರು, ಅದೂ ಬಾಯಿ ಬಿಡದೆ. ಫೋನಿನಲ್ಲಿ ‘ಈಗ ಕೊಳ್ಳಿ, ಆಮೇಲೆ ಕೊಡಿ’ ಅನ್ನುವ ಸಾಲ ತೆಗೆದು ಪಾರ್ಸೆಲ್ ಮುಂದುವರಿಸಿದರು. ಕಾರ್ಡ್ ಕಿತ್ತುಕೊಂಡರೆ ಖರ್ಚು ನಿಲ್ಲಲ್ಲ, ಕಣ್ಮರೆಯಾಗುತ್ತದೆ ಅಷ್ಟೇ.

ಎರಡನೇ ಸಲ ಇಬ್ಬರೂ ಬಂದರು. ನಾನು ದುಡ್ಡಿನ ಮಾತೇ ಎತ್ತಲಿಲ್ಲ. “ನೀವು ಚಿಕ್ಕವರಿದ್ದಾಗ ಬಟ್ಟೆ ಯಾರು ಕೊಡಿಸ್ತಿದ್ದರು?” ಅಂತ ರಘುವನ್ನು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಯಾರೂ ಇಲ್ಲ. ಅಣ್ಣನ ಅಂಗಿ ನನಗೆ. ಚಡ್ಡಿ ದೊಡ್ಡಪ್ಪನ ಮಗನದು. ಸ್ಕೂಲಲ್ಲಿ ಅವನೇ ಬಂದು, ಇದು ನಂದು ಕಣೋ ಅಂತ ಎಲ್ಲರ ಮುಂದೆ ಹೇಳಿದ್ದ. ನನ್ನ ಮಗುಗೆ ಯಾರದ್ದೂ ಹಳೇದು ಬರಬಾರದು ಮೇಡಂ.”

ಸುಮಾ ಅವರನ್ನೇ ನೋಡುತ್ತಿದ್ದರು. ಮದುವೆಯಾಗಿ ಎರಡು ವರ್ಷ, ಈ ಮಾತು ಅವರೂ ಮೊದಲ ಸಲ ಕೇಳಿದ್ದು.

ಇಂಥ ಕಡೆ ‘ಅನಾವಶ್ಯಕ ಖರ್ಚು ಮಾಡಬೇಡಿ’ ಅಂದರೆ ಯಾರ ಕಿವಿಗೂ ಬೀಳುವುದಿಲ್ಲ. ರಘುಗೆ ಒಂದೇ ಕೆಲಸ ಕೊಟ್ಟೆ. ರಾತ್ರಿ ಅಮ್ಮನಿಗೆ ಫೋನ್ ಮಾಡಿ, ನಾನು ಹುಟ್ಟಿದಾಗ ಮೊದಲು ನನಗೆ ಏನು ಸುತ್ತಿದ್ದೆ ಅಂತ ಕೇಳಿ ಅಂದೆ. ಅಮ್ಮ ನಕ್ಕರಂತೆ. “ನಿಮ್ಮಜ್ಜಿ ಸೀರೆ ಹರಿದು ಸುತ್ತಿದ್ದು ಕಣಪ್ಪಾ. ಹಸುಗೂಸಿಗೆ ಯಾರಾದ್ರೂ ಹೊಸ ಬಟ್ಟೆ ಹಾಕ್ತಾರಾ? ಚುಚ್ಚಲ್ವಾ? ಒಗೆದು ಒಗೆದು ಮೆತ್ತಗಾದ ಹತ್ತಿ ಬಟ್ಟೆನೇ ಬೇಕು.” ಹಳೇ ಬಟ್ಟೆ ಅಂದರೆ ಬಡತನ ಅಂತ ಗಂಟು ಹಾಕಿಕೊಂಡವರಿಗೆ ಅದು ಅಜ್ಜಿಯ ಸೀರೆಯೂ ಹೌದು ಅಂತ ತಾಯಿಯೇ ಹೇಳಬೇಕಿತ್ತು. ನಾನು ಹೇಳಿದ್ದರೆ ಉಪದೇಶ ಆಗುತ್ತಿತ್ತು.

ಆಮೇಲೆ ಲೆಕ್ಕಕ್ಕೆ ಕೂತೆವು. ಇಬ್ಬರಿಗೂ ಒಂದು ಪ್ರಶ್ನೆ ಕೇಳಿದೆ: ಹೆರಿಗೆ ಆದ ಮೇಲೆ ಸುಮಾ ಸಂಬಳ ಎಷ್ಟು ತಿಂಗಳು ಬರುತ್ತದೆ? ಇಬ್ಬರೂ ಯೋಚಿಸಿರಲಿಲ್ಲ. 26 ವಾರದ ಸಂಬಳ ಸಹಿತ ರಜೆ ಇದೆಯಲ್ಲ ಅಂದರು ರಘು. ಇದೆ, ಆದರೆ ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಕಡೆಗೆ. ಸುಮಾ ಆಫೀಸಿನಲ್ಲಿ ಆರೇ ಜನ. ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಕೂಡ ಇಲ್ಲ. ಅಂದರೆ ಮನೆಯಲ್ಲಿರುವ ಒಂದೊಂದು ತಿಂಗಳಿಗೂ 16,000 ಕಡಿಮೆ. ಐದು ತಿಂಗಳಿಗೆ 80,000. ಪಟ್ಟಿಯಲ್ಲಿ ಕಾಟ್ ಇತ್ತು, ಕ್ಯಾಮೆರಾ ಇತ್ತು. ಈ ಖರ್ಚು ಮಾತ್ರ ಇರಲಿಲ್ಲ.

ನನ್ನ ಮುಖ್ಯ ಸಲಹೆ ಇದು: ಮಾರ್ಚ್‌ನಿಂದಲೇ ಸುಮಾ ಸಂಬಳ ಇಲ್ಲ ಅಂದುಕೊಂಡು ಬದುಕಿ ನೋಡಿ. ಆ 16,000 ಬಂದ ದಿನವೇ ಬೇರೆ ಖಾತೆಗೆ ಹೋಗಲಿ. ಜೂನ್‌ವರೆಗೆ ನಾಲ್ಕು ಸಂಬಳ, 64,000. ದುಡ್ಡು ಉಳಿಯುವುದು ಒಂದು ಲಾಭ. ಒಂದೇ ಸಂಬಳದಲ್ಲಿ ಮನೆ ನಡೆಸುವ ಅಭ್ಯಾಸ ಇನ್ನೊಂದು. ಮಗು ಬಂದ ಮೇಲೆ, ನಿದ್ದೆ ಇಲ್ಲದ ರಾತ್ರಿಗಳ ಮಧ್ಯೆ, ಆ ಅಭ್ಯಾಸ ಶುರು ಮಾಡುವುದು ಬಹಳ ಕಷ್ಟ.

ರಘುವಿನ ಸಂಬಳದಲ್ಲಿ ಬಾಡಿಗೆ 11,000, ರೇಷನ್ 7,000, ಬೈಕ್ ಕಂತು 4,200, ಊರಿಗೆ 3,000, ಪೆಟ್ರೋಲ್ 2,500, ಕರೆಂಟು, ಗ್ಯಾಸು, ಮೊಬೈಲು 2,300. ಉಳಿಯುವುದು ಸಾವಿರ. ಮೊದಲ ತಿಂಗಳೇ ತಪ್ಪಿತು. ಸುಮಾ ಖಾತೆಯಿಂದ 4,500 ವಾಪಸ್ ತೆಗೆದರು. ಅದರಲ್ಲಿ ದೊಡ್ಡ ಪಾಲು ಆ ಫೋನ್ ಸಾಲದ ಕಂತು. ಹೋಗಲಿ, ಈಗಲೇ ಗೊತ್ತಾಯಿತಲ್ಲ ಅಂದೆ. ಇನ್ನೂ ತೆರೆಯದ ತಳ್ಳುಗಾಡಿಯನ್ನು ರಘು ತಾವಾಗಿಯೇ ವಾಪಸ್ ಕಳಿಸಿ ಸಾಲ ತೀರಿಸಿದರು. ಅವರ ಬೀದಿಯಲ್ಲಿ ಗಾಡಿ ತಳ್ಳಲು ಫುಟ್‌ಪಾತೇ ಇಲ್ಲ, ಅದು ಬೇರೆ ಮಾತು.

ಸ್ಟೆಮ್ ಸೆಲ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕಾಯಿತು. ನಾಳೆ ಮಗುವಿಗೆ ಏನಾದರೂ ಆದರೆ ಅನ್ನುವ ಭಯವನ್ನೇ ಮಾರುವ ವ್ಯಾಪಾರ ಅದು. ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಅದೇ ಮಗುವಿಗೆ ಮುಂದೆ ಬೇಕಾಗಬಹುದು ಅಂತ ಖಾಸಗಿಯಾಗಿ ಇಡುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಶಿಫಾರಸು ಮಾಡುವುದಿಲ್ಲ. ನನ್ನ ಮಾತು ನಂಬಬೇಡಿ, ನಿಮ್ಮ ಡಾಕ್ಟರನ್ನೇ ಕೇಳಿ ಅಂದೆ. ಕೇಳಿ ಬಂದರು, ಹೆಸರು ತೆಗೆಸಿದರು. ವಾಕರ್ ಕೂಡ ಹೋಯಿತು. ಮಕ್ಕಳು ಮೆಟ್ಟಿಲಿಂದ ಉರುಳಿ ಬೀಳುತ್ತಾರೆ ಅಂತ ಕೆನಡಾ 2004ರಲ್ಲೇ ಅದನ್ನು ನಿಷೇಧಿಸಿದೆ.

ಬಾಟಲಿ ಕುದಿಸುವ ಯಂತ್ರದ ಬಗ್ಗೆ ಜಾಸ್ತಿ ಮಾತು ಬೇಕಾಗಲಿಲ್ಲ. ಆರು ತಿಂಗಳು ಎದೆಹಾಲೊಂದೇ ಸಾಕು. ಡಾಕ್ಟರ್ ಬೇರೆ ಹೇಳಿದರೆ ಆ ದಿನ ತಂದರಾಯಿತು, ಅಂಗಡಿ ಎಲ್ಲೂ ಓಡಿಹೋಗಲ್ಲ.

ನಾನು ಹೆಚ್ಚು ಒತ್ತು ಕೊಟ್ಟದ್ದು ವಿಮೆಗೆ. ರಘು ಕಂಪನಿಯ ಗುಂಪು ವಿಮೆಯಲ್ಲಿ ಹೆರಿಗೆಗೆ 50,000 ಇತ್ತು. ಆದರೆ ಹೆಂಡತಿಯ ಹೆಸರೇ ಸೇರಿಸಿರಲಿಲ್ಲ! ಮದುವೆಯಾದಾಗ ಫಾರ್ಮ್ ತುಂಬೋದು ಮರೆತಿದ್ದರು. ಪುಣ್ಯಕ್ಕೆ ಏಪ್ರಿಲ್‌ನಲ್ಲಿ ನವೀಕರಣ ಇತ್ತು, ಸೇರಿಸಿದರು. ಹುಟ್ಟಿದ ಮಗುವಿನ ಹೆಸರು ಯಾವಾಗ, ಹೇಗೆ ಸೇರಿಸಬೇಕು ಅಂತ ಎಚ್ಆರ್‌ನಿಂದ ಮೇಲ್‌ನಲ್ಲೇ ಬರೆಸಿಕೊಳ್ಳಿ ಅಂದೆ. ಬಸುರಾದ ಮೇಲೆ ಸ್ವಂತಕ್ಕೆ ಹೊಸ ಪಾಲಿಸಿ ಕೊಂಡರೆ ಕಾಯುವ ಅವಧಿ ಇರುತ್ತದೆ, ಈ ಹೆರಿಗೆಗೆ ಅದು ಕೆಲಸಕ್ಕೆ ಬರುವುದಿಲ್ಲ.

ನರ್ಸಿಂಗ್ ಹೋಮಿನಲ್ಲಿ ನಾರ್ಮಲ್‌ಗೆ ಎಷ್ಟು, ಸಿಸೇರಿಯನ್‌ಗೆ ಎಷ್ಟು, ಮಗುವನ್ನು ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ಇಟ್ಟರೆ ದಿನಕ್ಕೆ ಎಷ್ಟು ಅಂತ ಚೀಟಿಯಲ್ಲಿ ಬರೆಸಿಕೊಳ್ಳಲು ಹೇಳಿದೆ. ಜೊತೆಗೆ ಸರ್ಕಾರಿ ಆಸ್ಪತ್ರೆಯನ್ನೂ ಒಮ್ಮೆ ನೋಡಿ ಬನ್ನಿ ಅಂದೆ. ಅಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಊಟ ಎಲ್ಲ ಉಚಿತ. 2011ರಿಂದ ಈ ವ್ಯವಸ್ಥೆ ಇದೆ. ಕೊನೆಗೆ ಅವರು ನರ್ಸಿಂಗ್ ಹೋಮನ್ನೇ ಆರಿಸಿಕೊಂಡರು, ಅದು ಅವರ ಆಯ್ಕೆ. ಆದರೆ ಬಸುರಿಯರಿಗೆ ಸರ್ಕಾರ ಕೊಡುವ ತಾಯಿ ಕಾರ್ಡ್ ಮಾಡಿಸಿಕೊಂಡರು. ಅಂಗನವಾಡಿ ಟೀಚರ್ ಮೂಲಕ ಮಾತೃ ವಂದನಾ ಯೋಜನೆಗೂ ಅರ್ಜಿ ಹಾಕಿದರು. ಮೊದಲ ಮಗುವಿಗೆ ಎರಡು ಕಂತಿನಲ್ಲಿ 5,000 ಬರುತ್ತದೆ, ಮೊದಲು 3,000, ಮಗುವಿನ ಮೊದಲ ಸುತ್ತಿನ ಲಸಿಕೆ ಆದ ಮೇಲೆ 2,000. “ಅದು ಬಡವರಿಗೆ ಅಲ್ವಾ ಮೇಡಂ?” ಅಂತ ರಘು ಸಂಕೋಚಪಟ್ಟರು. ವರ್ಷಕ್ಕೆ 8 ಲಕ್ಷದೊಳಗೆ ಆದಾಯ ಇರುವ ಮನೆಗೂ ಸಿಗುತ್ತದೆ, ನಿಮ್ಮದು ಆರು ಲಕ್ಷವೂ ಇಲ್ಲ ಅಂದೆ.

ಸೀಮಂತ ಮನೆಯಲ್ಲೇ ಆಯಿತು. ಹಸಿರು ಬಳೆ, ಮಡಿಲಕ್ಕಿ, ಮೂವತ್ತು ಜನಕ್ಕೆ ಊಟ. ಏನು ತರೋಣ ಅಂತ ಕೇಳಿದ ನೆಂಟರಿಗೆ ಸುಮಾ ನಾಚಿಕೊಳ್ಳದೆ ಹೇಳಿದರು: ಫ್ರಾಕ್ ಬೇಡ, ಪೌಡರ್ ಡಬ್ಬಿ ಬೇಡ, ಸೊಳ್ಳೆಪರದೆ ಮತ್ತು ರಬ್ಬರ್ ಶೀಟ್ ಕೊಡಿ. ಆಫೀಸಿನ ಯಜಮಾನರ ಹತ್ತಿರ ರಜೆ ಬಗ್ಗೆ ಮಾತಾಡಲು ಮಾತ್ರ ಎರಡು ವಾರ ಹಿಂಜರಿದರು. ಇಲ್ಲೇ ನನ್ನೆದುರು ಎರಡು ಸಲ ಹೇಳಿ ನೋಡಿ ಅಭ್ಯಾಸ ಮಾಡಿಕೊಂಡು ಹೋದರು. ಒಂದು ತಿಂಗಳು ಅರ್ಧ ಸಂಬಳ, ನಾಲ್ಕನೇ ತಿಂಗಳಿಂದ ಮನೆಯಿಂದಲೇ ಕೆಲಸ ಅಂತ ಒಪ್ಪಿಗೆ ಸಿಕ್ಕಿತು.

ಜುಲೈನಲ್ಲಿ ಹೆಣ್ಣು ಮಗು, ಸಿಸೇರಿಯನ್. ಬಿಲ್ 84,000, ವಿಮೆ 50,000 ಕೊಟ್ಟಿತು. ಉಳಿದ 34,000 ಸುಮಾ ಕೂಡಿಟ್ಟ 59,500ರಲ್ಲಿ ಹೋಯಿತು. ಬಾಣಂತನ ಹಾಸನದ ಕಡೆ ತವರಿನಲ್ಲಿ. ಕಾಟ್ ಬದಲು ಅಜ್ಜಿ ಮನೆಯ ಮರದ ತೊಟ್ಟಿಲು. ಆರು, ಹತ್ತು, ಹದಿನಾಲ್ಕು ವಾರದ ಲಸಿಕೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ, ಕಾಸಿಲ್ಲದೆ.

ನವೆಂಬರ್‌ನಲ್ಲಿ ಮೂವರೂ ಬಂದಿದ್ದರು. ಮಗುವಿನ ಮೈಮೇಲೆ ಬಣ್ಣ ಮಾಸಿದ ಹಳದಿ ಅಂಗಿ. “ನಮ್ಮಣ್ಣನ ಮಗಳದು” ಅಂದರು ರಘು, ನಾನು ಕೇಳದಿದ್ದರೂ.

ಸುಮಾ ಪಕ್ಕದಿಂದ ಹೇಳಿದರು: “ಮೊದಲ ಹುಟ್ಟುಹಬ್ಬಕ್ಕೆ ಹಾಲ್ ನೋಡ್ತಿದ್ದಾರೆ ಮೇಡಂ. ನೀವೇ ಕೇಳಿ.”