ಒಂದೇ ಸಂಬಳ, ನಾಲ್ಕು ಸಾಲ

ಪ್ರಶ್ನೆ: ಒಬ್ಬಳೇ ದುಡಿದು ಇಬ್ಬರು ಮಕ್ಕಳನ್ನು ಸಾಕುತ್ತಿದ್ದೇನೆ. ಕ್ರೆಡಿಟ್ ಕಾರ್ಡ್ ಬಾಕಿ, ವೈಯಕ್ತಿಕ ಸಾಲ, ಗೃಹಸಾಲ, ಜೊತೆಗೆ ಅಕ್ಕನಿಂದ ಪಡೆದ ಬಡ್ಡಿಯಿಲ್ಲದ ಕೈಸಾಲ. ಹೊಸ ವರ್ಷದಲ್ಲಿ ಯಾವುದನ್ನು ಮೊದಲು ತೀರಿಸಲಿ?

ಉತ್ತರ: ಕಾರ್ಡ್ ಬಾಕಿಯನ್ನು, ಎರಡು ಮಾತಿಲ್ಲ. ತಿಂಗಳಿಗೆ 3% ಬಡ್ಡಿ ಎಂದರೆ ಸಣ್ಣದಾಗಿ ಕಾಣುತ್ತದೆ. ಚಕ್ರಬಡ್ಡಿ ಸೇರಿದರೆ ವರ್ಷಕ್ಕೆ ಸುಮಾರು 42.6% ಆಗುತ್ತದೆ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಿದ್ದರೆ ಅದರಲ್ಲಿ ಹೆಚ್ಚಿನ ಪಾಲು ಬಡ್ಡಿಗೇ ಹೋಗಿ, ಅಸಲು ಕರಗುವುದು ತೀರಾ ನಿಧಾನ. ಬಾಕಿ ಇರುವಾಗ ಅದೇ ಕಾರ್ಡಿನಲ್ಲಿ ಹೊಸದಾಗಿ ಏನಾದರೂ ಕೊಂಡರೆ ಸಾಮಾನ್ಯವಾಗಿ ಬಡ್ಡಿರಹಿತ ಅವಧಿಯೂ ಸಿಗದು. ಹಾಗಾಗಿ ಕಾರ್ಡನ್ನು ಬೀರುವಿನಲ್ಲಿಡಿ, ಮೊಬೈಲ್ ಆ್ಯಪ್‌ಗಳಿಂದಲೂ ತೆಗೆದುಹಾಕಿ. ಉಳಿದ ಸಾಲಗಳಿಗೆ ಕಂತಿನಷ್ಟೇ, ಮಿಕ್ಕಿದ್ದೆಲ್ಲ ಕಾರ್ಡಿಗೆ. ಅದು ಮುಗಿದ ತಿಂಗಳಿನಿಂದಲೇ ಆ ಮೊತ್ತವನ್ನು ಹಾಗೆಯೇ ವೈಯಕ್ತಿಕ ಸಾಲಕ್ಕೆ ತಿರುಗಿಸಿ. ಅವಧಿಗೆ ಮುನ್ನ ಕಟ್ಟಿದರೆ ಶುಲ್ಕವಿದೆಯೇ ಎಂದು ಕೇಳಿ. ಹೆಚ್ಚುವರಿ ಕಟ್ಟುವಾಗ ಕಂತಿನ ಮೊತ್ತದ ಬದಲು ಸಾಲದ ಅವಧಿ ಇಳಿಸುವಂತೆ ಬ್ಯಾಂಕಿಗೆ ಬರೆದುಕೊಡಿ.

ಇದಕ್ಕೆಲ್ಲ ಮೊದಲು ಒಂದು ತಿಂಗಳ ಖರ್ಚಿನಷ್ಟು ಹಣ ಬೇರೆ ಖಾತೆಯಲ್ಲಿರಲಿ. ಒಬ್ಬರೇ ದುಡಿಯುವ ಮನೆಯಲ್ಲಿ ಲೆಕ್ಕ ತಪ್ಪುವುದು ದುಂದುವೆಚ್ಚದಿಂದಲೇ ಅಲ್ಲ; ಮಗುವಿಗೆ ಜ್ವರ ಬಂದು, ನೀವು ರಜೆ ಹಾಕಿ, ಆ ಖರ್ಚು ಮತ್ತೆ ಕಾರ್ಡಿಗೆ ಹತ್ತುವುದರಿಂದಲೂ ತಪ್ಪುತ್ತದೆ. ಅಕ್ಕನ ಸಾಲ ಕೊನೆಗಿರಲಿ, ಆದರೆ ಯಾವ ತಿಂಗಳಿನಿಂದ ಎಷ್ಟು ಕೊಡುತ್ತೀರೆಂದು ಈಗಲೇ ಅವರಿಗೆ ಹೇಳಿಬಿಡಿ.